ಅತಿಥಿಗಳು ನಿಂತ ಬಾಗಿಲು

ನಮ್ಮದು ಹದಿನಾರನೇ ಶತಮಾನವಂತೆ. ನಮಗೆ ಗೊತ್ತಿರಲಿಲ್ಲ. ನಾವು ಈ ವರ್ಷ ಅನ್ನುತ್ತಿದ್ದೆವು, ಹೋದ ವರ್ಷ ಅನ್ನುತ್ತಿದ್ದೆವು, ಬರುವ ವರ್ಷ ಅನ್ನುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೆವು. ಅದು ಹದಿನಾರನೆಯದು ಎಂದು ಹೇಳಿದವರು ಅತಿಥಿಗಳು. ನಾನೂರು ವರ್ಷದ ಆಚೆಯಿಂದ ನಮ್ಮನ್ನು ನೋಡಲು ಬರುತ್ತಿದ್ದವರು.

ನಾನು ಆ ಊರಿನಲ್ಲಿ ಗೋಡೆಗೆ ಸುಣ್ಣ ಬಳಿಯುವವಳು. ಊರ ನಡುವೆ ಒಂದು ಕಲ್ಲಿತ್ತು, ಅದೇ ನಮ್ಮ ದೇವರು. ಅದರ ಮುಂದೆ ಕೆಲವರು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ದೇವರನ್ನು ದುರುಗುಟ್ಟಿ ನೋಡಬಾರದು ಅನ್ನುವುದು ಅವರ ಮಾತು. ಕೆಲವರು ಕಣ್ಣು ತೆರೆದು ಕೈಮುಗಿಯುತ್ತಿದ್ದರು; ಎದುರಿಗೇ ನಿಂತ ದೇವರಿಗೆ ಕಣ್ಣು ಮುಚ್ಚುವುದು ಅವಮಾನ ಅನ್ನುವುದು ಇವರ ಮಾತು. ಕಲ್ಲು ಏನೂ ಅನ್ನಲಿಲ್ಲ. ನೂರಾರು ವರ್ಷ ಹಾಗೇ ನಡೆಯಿತು. ಮುಚ್ಚುಗಣ್ಣಿನವರ ಮನೆಯ ಮಜ್ಜಿಗೆ ತೆರೆಗಣ್ಣಿನವರ ಮನೆಗೆ ಹೋಗುತ್ತಿತ್ತು, ಹೆಣ್ಣುಮಕ್ಕಳೂ ಹೋಗುತ್ತಿದ್ದರು. ನಾನು ಮುಚ್ಚುಗಣ್ಣಿನವಳು, ನನ್ನ ಗಂಡ ತೆರೆಗಣ್ಣಿನವನು. ಮದುವೆಯ ದಿನ ಕಲ್ಲಿನ ಮುಂದೆ ನಿಂತಾಗ ನಾನು ಕಣ್ಣು ಮುಚ್ಚಿದ್ದೆ. ಅವನು ತೆರೆದೇ ಇದ್ದ. "ನಿನ್ನ ಮೂಗಿನ ಮೇಲೆ ಅಕ್ಕಿಕಾಳು ಕೂತಿತ್ತು ಕಣೆ" ಎಂದು ಆಮೇಲೆ ಹೇಳಿದ. ಸುತ್ತಲಿದ್ದವರು ನಕ್ಕರು. ಆಗಿನ್ನೂ ಜನಕ್ಕೆ ನಗುವುದು ಮರೆತಿರಲಿಲ್ಲ.

ಮೊದಲ ಕೊಲೆ ಯಾರು ಮಾಡಿದರು ಅನ್ನುವುದು ನನಗೆ ಗೊತ್ತಿದೆ. ಹೇಳುವುದಿಲ್ಲ. ಹೇಳಿದರೆ ಅರ್ಧ ಊರು ತಲೆಯಾಡಿಸಿ, "ನೋಡಿದಿರಾ, ಅದಕ್ಕೇ ನಾವು..." ಅನ್ನುತ್ತದೆ.

ಕೊಲೆ ಶುರುವಾದ ಮೇಲೆ ಅತಿಥಿಗಳು ಬರತೊಡಗಿದರು. ಬೆಳಗಿನ ಹೊತ್ತು ಊರಿನ ಪಡುವಣ ಬಾಗಿಲಿನಿಂದ ಬರುತ್ತಿದ್ದರು. ಆ ಬಾಗಿಲಿನ ಆಚೆ ದಾರಿಯೇ ಇಲ್ಲ, ಬರೀ ಪ್ರಪಾತ. ಆದರೂ ಬರುತ್ತಿದ್ದರು. ಬೂದಿ ಬಣ್ಣದ ನಿಲುವಂಗಿ, ಸಪ್ಪಳವಿಲ್ಲದ ಚಪ್ಪಲಿ, ಎಂದೂ ಹಸಿದು ಗೊತ್ತಿಲ್ಲದ ಮುಖ. ಬಂದವರು ಯಾವುದೋ ಒಂದು ಮನೆಯ ಮುಂದೆ ಹೋಗಿ ಸಾಲಾಗಿ ನಿಲ್ಲುತ್ತಿದ್ದರು. ಅವರು ಏನನ್ನೂ ಮುಟ್ಟುವಂತಿಲ್ಲ, ಅವರನ್ನು ಯಾರೂ ಮುಟ್ಟುವಂತಿಲ್ಲ. ಸಂಜೆಗೆ ಆ ಮನೆ ಉರಿಯುತ್ತಿತ್ತು. ಅವರು ನೋಡುತ್ತಿದ್ದರು. ಅಳುತ್ತಲೂ ಇದ್ದರು, ಸುಳ್ಳು ಯಾಕೆ ಹೇಳಲಿ. ಮಡಿಸಿದ ಬಿಳಿ ಬಟ್ಟೆ ತೆಗೆದು ಮೂಗು ಒರೆಸಿಕೊಂಡು ಬಂದ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದರು. ಮಾರನೇ ದಿನ ಊರಿನವರು ನನ್ನನ್ನು ಕರೆಯುತ್ತಿದ್ದರು. ಅತಿಥಿ ನಿಂತ, ಮನೆ ಉರಿಯಿತು, ನಾನು ಸುಣ್ಣ ಬಳಿದೆ. ಅತಿಥಿ ನಿಂತ, ಮನೆ ಉರಿಯಿತು, ನಾನು ಸುಣ್ಣ ಬಳಿದೆ. ಎಷ್ಟು ಬಳಿದರೂ ಮಸಿ ಒಳಗಿಂದ ಹಳದಿಯಾಗಿ ಎದ್ದು ಬರುತ್ತಿತ್ತು, ಮೂರು ಕೈ ಬಳಿಯಬೇಕಾಗುತ್ತಿತ್ತು.

ನಮ್ಮೂರ ಕಟ್ಟಳೆ ಹುಟ್ಟಿದ್ದು ಆ ಹೊತ್ತಿನಲ್ಲಿ. ಕೊಲ್ಲುವುದೂ ಸುಲಭದ ಕೆಲಸವಲ್ಲ. ನಿನ್ನೆ ಮಜ್ಜಿಗೆ ಕೊಟ್ಟವಳ ಬಾಗಿಲಿಗೆ ಇವತ್ತು ಪಂಜು ಹಿಡಿದು ಹೋಗಲು ಕಾಲು ಬರುವುದಿಲ್ಲ. ಜನ ಹಿಂದೆಮುಂದೆ ನೋಡುತ್ತಿದ್ದರು. ಆಗ ತೆರೆಗಣ್ಣಿನವರ ಹಿರಿಯ ಕಲ್ಲಿನ ಕಟ್ಟೆ ಹತ್ತಿ, "ಅತಿಥಿಗಳಿಗೆ ಮುಂದಿನದು ಗೊತ್ತು. ಅವರು ನಿಂತ ಬಾಗಿಲು ದೇವರು ತೋರಿಸಿದ ಬಾಗಿಲು. ತೀರ್ಪು ಅವನದು, ನಾವು ಬರೀ ಅವನ ಕೈ" ಎಂದ. ಜನರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಂಟು ದಿನದೊಳಗೆ ಮುಚ್ಚುಗಣ್ಣಿನವರೂ ಅದೇ ಮಾತನ್ನು ತಮ್ಮದೆಂದು ಒಪ್ಪಿಕೊಂಡರು. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದರೂ ಜಗಳವಾಡುತ್ತಿದ್ದ ಎರಡು ಪಂಗಡಗಳು ಇದೊಂದರಲ್ಲಿ ಒಂದಾದವು. ಅಲ್ಲಿಂದ ಮುಂದೆ ಬೆಳಗ್ಗೆ ಎದ್ದವರು ಮೊದಲು ಬಾಗಿಲು ಸಂದಿ ಮಾಡಿ, ಬೀದಿಯಲ್ಲಿ ಅತಿಥಿಗಳು ಎಲ್ಲಿ ನಿಂತಿದ್ದಾರೆ ಎಂದು ನೋಡುತ್ತಿದ್ದರು. ತಮ್ಮ ಮನೆಯ ಮುಂದಲ್ಲ ಎಂದು ತಿಳಿದ ಮೇಲೆ ಒಲೆ ಹಚ್ಚುತ್ತಿದ್ದರು.

ನನ್ನ ಗಂಡನ ದಿನ ಹನ್ನೆರಡು ಜನ ನಿಂತಿದ್ದರು. ಹೊಳೆಯ ದಂಡೆಯ ಸುಣ್ಣದ ಗೂಡಿನ ಹತ್ತಿರ. ಅವನು ಅವರನ್ನು ನೋಡಿ, ಮನೆಯೇ ಇಲ್ಲದ ಜಾಗಕ್ಕೆ ದಾರಿ ತಪ್ಪಿ ಬಂದಿರಬೇಕು ಎಂದುಕೊಂಡು, ಕುಡಿಯಲು ನೀರು ಬೇಕೇ ಎಂದು ಕೇಳಿದನಂತೆ.

ಆ ಗೂಡಿನ ಗೋಡೆಗೂ ನಾನೇ ಬಳಿದೆ. ಬಳಿಯುತ್ತಾ ಬಳಿಯುತ್ತಾ ಒಂದು ವಿಷಯ ಹೊಳೆಯಿತು. ಇವರು ಇಲ್ಲಿ ಬಂದು ನಿಂತದ್ದು ಇಲ್ಲಿ ಕೊಲೆಯಾಯಿತು ಎಂದು, ನಮ್ಮ ಕಾಲದ ಕಥೆ ಬರೆದಿಟ್ಟ ತಮ್ಮ ಪುಸ್ತಕದಲ್ಲಿ ಓದಿದ್ದರಿಂದ. ಇಲ್ಲಿ ಕೊಲೆಯಾದದ್ದು ಇವರು ಇಲ್ಲಿ ಬಂದು ನಿಂತದ್ದರಿಂದ. ಇಷ್ಟು ಸಣ್ಣ ಮಾತು ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ನಾನು ನಾಲ್ಕು ಮನೆಗೆ ಹೋಗಿ ಹೇಳಿದೆ. "ಗಂಡ ಹೋದ ದುಃಖ ತಲೆಗೇರಿದೆ, ಪಾಪ" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ನನಗೆ ಉಳಿದವಳು ಮಗಳು. ಆರು ವರ್ಷ. ಕಲ್ಲಿನ ಮುಂದೆ ಹೇಗೆ ನಿಲ್ಲಬೇಕು ಎಂದು ಅವಳಿಗೆ ನಾನೊಂದು ಹೇಳಿದ್ದೆ, ಅವಳಪ್ಪ ಒಂದು ಹೇಳಿದ್ದ. ಅವಳು ತಾನೇ ಒಂದು ತೀರ್ಮಾನ ಮಾಡಿಕೊಂಡಳು. ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು, ಆ ಕಷ್ಟಕ್ಕೆ ಬಾಯಿ ಓರೆ ಮಾಡಿಕೊಂಡು ಕೈಮುಗಿಯುತ್ತಿದ್ದಳು. "ಇದೇನೇ ಇದು?" ಎಂದರೆ, "ಇದು ಅಮ್ಮಂಗೆ, ಇದು ಅಪ್ಪಂಗೆ" ಎಂದು ಒಂದೊಂದೇ ಕಣ್ಣು ಮುಟ್ಟಿ ತೋರಿಸಿದಳು. ಅಪ್ಪ ಸತ್ತ ಮೇಲೂ ಬಿಡಲಿಲ್ಲ. ಒಂದು ದಿನ ಕಟ್ಟೆಯ ಬಳಿ ಎರಡೂ ಪಂಗಡದವರು ಇದನ್ನು ನೋಡಿದರು. ಮುಚ್ಚುಗಣ್ಣಿನವರು ಅವಳ ತೆರೆದ ಕಣ್ಣು ನೋಡಿದರು, ತೆರೆಗಣ್ಣಿನವರು ಮುಚ್ಚಿದ ಕಣ್ಣು ನೋಡಿದರು. ನಾನು ಅವಳನ್ನು ಸೊಂಟಕ್ಕೆತ್ತಿಕೊಂಡು ಮನೆಗೆ ಓಡಿದೆ.

ಮೂರನೇ ದಿನ ಬೆಳಗ್ಗೆ ಬಾಗಿಲು ಸಂದಿ ಮಾಡಿದೆ. ಬೀದಿ ಕಾಣಲಿಲ್ಲ. ಬೂದಿ ಬಣ್ಣವೊಂದೇ ಕಂಡಿತು.

ಹನ್ನೆರಡಲ್ಲ, ಇಪ್ಪತ್ತಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನಿಂತಿದ್ದರು. ಹಿಂದಿದ್ದವರು ತುದಿಗಾಲಿನ ಮೇಲೆ ನಿಂತು ಕತ್ತು ಚಾಚುತ್ತಿದ್ದರು. ಪ್ರತಿಯೊಬ್ಬರ ಎದೆಯ ಮೇಲೂ ಒಂದು ಬೆಳ್ಳಿಯ ಬಿಲ್ಲೆ. ಬಿಲ್ಲೆಯಲ್ಲಿ ಒಂದು ಪುಟ್ಟ ಮುಖ. ಒಂದು ಕಣ್ಣು ಮುಚ್ಚಿತ್ತು, ಒಂದು ತೆರೆದಿತ್ತು.

ಹೆದರಿ ಬಾಗಿಲು ಹಾಕಿಕೊಂಡೆ. ಆಮೇಲೆ ಹೆದರಿಕೆಗಿಂತ ದೊಡ್ಡ ಸಿಟ್ಟು ಬಂತು. ಬಾಗಿಲು ತೆರೆದು ಹೊರಗೆ ಬಂದೆ.

"ಯಾಕ್ರೀ ನಿಂತಿದೀರ ಇಲ್ಲಿ?"

ಮುಂದಿದ್ದ ಹೆಂಗಸು ಕೈ ಜೋಡಿಸಿದಳು. ಅವಳು ಅತಿಥಿಗಳ ಮುಂದಾಳು. ನನ್ನದೇ ವಯಸ್ಸು, ಆದರೆ ಕೈಯಲ್ಲಿ ಒಂದು ಬಿರುಕೂ ಇರಲಿಲ್ಲ.

"ನಮಸ್ಕಾರ ತಾಯಿ. ನಿಮಗೆ ತೊಂದರೆ ಕೊಡುವ ಉದ್ದೇಶ ನಮಗಿಲ್ಲ. ನಾವು ಗೌರವ ಸಲ್ಲಿಸಲು ಬಂದಿದ್ದೇವೆ."

"ಯಾರಿಗೆ?"

ಅವಳು ನೆಲ ನೋಡಿದಳು. ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದಳು. ತಮ್ಮ ಕಾಲದಲ್ಲಿ ಈ ಜಾಗದಲ್ಲಿ ಒಂದು ಹೂದೋಟವಿದೆ ಎಂದಳು. ಇಂದಿನ ದಿನ ಮಕ್ಕಳೆಲ್ಲ ಒಂದು ಕಣ್ಣು ಮುಚ್ಚಿಕೊಂಡು ಮೆರವಣಿಗೆ ಹೋಗುತ್ತಾರೆ, ಶಾಲೆಗಳಿಗೆ ರಜೆ ಎಂದಳು.

"ನನ್ನ ಮಗಳು ಸಾಯೋದಕ್ಕೆ ನಿಮ್ಮ ಮಕ್ಕಳಿಗೆ ರಜೆನಾ?"

"ಹಾಗಲ್ಲ ತಾಯಿ. ದಯವಿಟ್ಟು ಕೇಳಿ. ಇವತ್ತು ನಡೆಯುವುದನ್ನು ನೋಡಿ ಎರಡೂ ಕಡೆಯವರ ಮನಸ್ಸು ಕರಗುತ್ತದೆ. ನಾಳೆ ಅವರು ಆಯುಧ ಕೆಳಗಿಡುತ್ತಾರೆ. ಈ ಯುದ್ಧ ಇವತ್ತಿಗೆ ಮುಗಿಯುತ್ತದೆ. ಅದರಿಂದ ಸಾವಿರಾರು ಮಕ್ಕಳು ಉಳಿಯುತ್ತಾರೆ. ನಾವೆಲ್ಲ ಹುಟ್ಟಿದ್ದೇ ಆ ಶಾಂತಿಯಿಂದ."

"ಅವಳನ್ನ ಕೇಳಿದಿರಾ?"

"ಏನು?"

"ಆರು ವರ್ಷದ ಕೂಸು. ಅವಳನ್ನ ಕೇಳಿದಿರಾ, ನೀನು ಸಾಯ್ತೀಯೇನಮ್ಮ, ನಮಗೆ ಶಾಂತಿ ಬೇಕಾಗಿದೆ ಅಂತ? ಹೋಗಲಿ, ನನ್ನ ಕೇಳಿದಿರಾ? ಕೋಳಿ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ, ಅಲ್ವಾ?"

ಅವಳ ಕಣ್ಣು ತುಂಬಿತು. ಬಿಳಿ ಬಟ್ಟೆ ಹೊರಗೆ ಬಂತು.

"ಮೂಗು ಆಮೇಲೆ ಒರೆಸ್ಕೊಳ್ಳಿ. ಈಗ ಇಲ್ಲಿಂದ ಹೋಗಿ. ನೀವು ನಿಂತಿರೋದಕ್ಕೇ ಅವರು ಬರ್ತಾರೆ. ನೀವು ಹೋದ್ರೆ ಬರೋದಿಲ್ಲ. ಇಷ್ಟೇ ನಾನು ಕೇಳ್ತಿರೋದು. ಹೊಡೆದಾಡಬೇಡಿ, ಕಾಪಾಡಬೇಡಿ, ಒಂದು ಹನಿ ನೀರೂ ಕೊಡಬೇಡಿ. ಸುಮ್ಮನೆ ನಡೀರಿ, ಅಷ್ಟೇ."

"ನಾವು ಏನನ್ನೂ ಬದಲಿಸುವಂತಿಲ್ಲ" ಎಂದಳು. "ನಾವು ಬರೀ ನೋಡುವವರು."

ಬರೀ ನೋಡುವವರು. ಪಂಜು ಹಿಡಿದವರ ಮೇಲೆ ನನಗಿದ್ದ ಸಿಟ್ಟು ಹಳೆಯದು, ಗಂಟು ಕಟ್ಟಿ ಮೂಲೆಗಿಟ್ಟದ್ದು. ಇದು ಹೊಸದು, ಬಿಸಿಯಾದದ್ದು. ನಾನು ಉಗಿದೆ. ಅವಳ ಚಪ್ಪಲಿಯ ಮುಂದೆ ಬಿತ್ತು. ಅವಳು ಹಿಂದೆ ಸರಿಯಲಿಲ್ಲ, ಪುಸ್ತಕದಲ್ಲಿ ಅದೂ ಬರೆದಿತ್ತೋ ಏನೋ.

ಒಳಗೆ ಬಂದೆ. ಮಗಳು ಎದ್ದು ಕೂತಿದ್ದಳು. ರಾತ್ರಿಯ ಮುದ್ದೆ ಮಜ್ಜಿಗೆಯಲ್ಲಿ ಕಲಸಿ ತಿನ್ನಿಸಿದೆ. ಬೀದಿಯ ಕೊನೆಯಲ್ಲಿ ಅಕ್ಕಪಕ್ಕದವರು ಪಾತ್ರೆಪಗಡ ಕಟ್ಟಿಕೊಂಡು ದೂರ ಹೋಗುತ್ತಿರುವ ಸದ್ದು ಕೇಳುತ್ತಿತ್ತು. ಹಿತ್ತಿಲಿನಿಂದ ಓಡಿಹೋಗಬಹುದಿತ್ತು. ಆದರೆ ಹಿತ್ತಿಲ ಬಾಗಿಲು ತೆರೆದರೆ ಅಲ್ಲೂ ನಾಲ್ವರು ಅತಿಥಿಗಳು. ಮಗಳು ಹೊಸ್ತಿಲು ದಾಟಿ ಹೊರಗಿಣುಕಿದಳು; ನಾಲ್ವರೂ ಒಂದು ಹೆಜ್ಜೆ ಮುಂದೆ ಬಂದರು. ಒಳಗೆ ಬಂದಳು; ಹಿಂದೆ ಸರಿದರು. ಮತ್ತೆ ಹೊರಗೆ ಕಾಲಿಟ್ಟಳು. ಮತ್ತೆ ಮುಂದೆ ಬಂದರು. ಅವಳಿಗದು ಆಟವಾಯಿತು, ನಗತೊಡಗಿದಳು. ನಾನು ನೋಡುತ್ತಾ ನಿಂತೆ.

ಅವರು ಮನೆ ನೋಡಲು ಬಂದಿರಲಿಲ್ಲ. ಇವಳನ್ನು ನೋಡಲು ಬಂದಿದ್ದರು. ಇವಳು ಹೋದ ಕಡೆ ಬರುತ್ತಾರೆ.

ಮಗಳ ಕೂದಲು ಬಾಚಿ ಜಡೆ ಹೆಣೆದೆ. ಇದ್ದುದರಲ್ಲಿ ಒಳ್ಳೆಯ ಲಂಗ ಹಾಕಿದೆ. "ಎಲ್ಲಿಗಮ್ಮ?" ಎಂದಳು. "ನೆಂಟರ ಮನೆಗೆ" ಎಂದೆ. ಮುಂಬಾಗಿಲು ಪೂರ್ತಿ ತೆರೆದು, ಅವಳ ಕೈ ಹಿಡಿದು, ಬೀದಿಯ ನಟ್ಟನಡುವೆ ನಡೆದೆ.

ಅತಿಥಿಗಳು ದಾರಿ ಬಿಟ್ಟರು. ಆಮೇಲೆ ನಮ್ಮ ಹಿಂದೆ ತಿರುಗಿದರು. ಮುಂದಾಳು ಪಕ್ಕದಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತಾ, "ತಾಯಿ, ಇದು ಹೀಗಿಲ್ಲ, ನೀವು ಮನೆಯಲ್ಲಿರಬೇಕು" ಎಂದಳು. ನಾನು ನಡೆದೆ. ಕುಂಬಾರರ ಬೀದಿ ದಾಟಿದೆ, ಅವರು ಬಂದರು. ಕಲ್ಲಿನ ಕಟ್ಟೆ ದಾಟಿದೆ, ಬಂದರು. ಎರಡು ಕಡೆಯ ಕಿಟಕಿಗಳಲ್ಲಿ ಮುಖಗಳು. ಮನೆ ಉರಿಯುವ ಮೊದಲೇ ಅತಿಥಿಗಳು ನಿಂತ ಬಾಗಿಲು ಬಿಟ್ಟು ನಡೆಯುವುದನ್ನು ಊರು ಎಂದೂ ನೋಡಿರಲಿಲ್ಲ, ನಿಲ್ಲುವುದನ್ನಷ್ಟೇ ನೋಡಿತ್ತು. ಪಂಜಿಗೆ ಎಣ್ಣೆ ಹಾಕುತ್ತಿದ್ದವರು ಎಣ್ಣೆಯ ಕೈಯಲ್ಲೇ ಹೊರಗೆ ಬಂದರು. ತೆರೆಗಣ್ಣಿನವರು ಆ ಕಡೆಯಿಂದ, ಮುಚ್ಚುಗಣ್ಣಿನವರು ಈ ಕಡೆಯಿಂದ, ಎಲ್ಲರೂ ಅತಿಥಿಗಳ ಹಿಂದೆ.

ನಾನು ಹಿರಿಯನ ಮನೆಗೆ ಹೋದೆ. ಕಟ್ಟಳೆ ಮಾಡಿದ ಅದೇ ಹಿರಿಯ. ನಡುಮಧ್ಯಾಹ್ನ. ಅವನ ಸೊಸೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಮೊಮ್ಮಕ್ಕಳಿಬ್ಬರು ಸಿಪ್ಪೆ ಎಸೆದಾಡುತ್ತಿದ್ದರು. ನಾನು ಜಗಲಿ ಹತ್ತಿ ಕೂತೆ. ಮಗಳನ್ನು ಆ ಮಕ್ಕಳ ನಡುವೆ ಕೂರಿಸಿದೆ. ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ನಾನೂ ಸುಲಿಯತೊಡಗಿದೆ. ಸೊಸೆ ತಲೆಯೆತ್ತಿ ಬೀದಿ ನೋಡಿದಳು. ಇನ್ನೂರಕ್ಕೂ ಮೀರಿ ಅತಿಥಿಗಳು ಅವಳ ಮನೆಯ ಸುತ್ತ ಸಾಲಾಗಿ ನಿಂತಿದ್ದರು. ಅವಳ ಮಡಿಲಿನ ಮೊರ ಜಾರಿ ಬಿತ್ತು.

"ಮಾವಾ!" ಎಂದು ಕಿರುಚಿದಳು. "ಮಾವಾ, ಅವರು ನಮ್ಮನೆ ಮುಂದೆ ನಿಂತವ್ರೆ!"

ಹಿರಿಯ ಹೊರಗೆ ಬಂದ. ಅತಿಥಿಗಳನ್ನು ನೋಡಿದ. ಅವರ ಹಿಂದೆ ತನ್ನವರ ಪಂಜುಗಳನ್ನು ನೋಡಿದ, ಇನ್ನೊಂದು ಮಗ್ಗುಲಲ್ಲಿ ಮುಚ್ಚುಗಣ್ಣಿನವರ ಪಂಜುಗಳನ್ನು ನೋಡಿದ. ಆ ಹೆದರಿದ ಮುಖವನ್ನು ನಾನು ಎಷ್ಟು ಬಾಗಿಲುಗಳಲ್ಲಿ ನೋಡಿದ್ದೆ. ಇವನಲ್ಲಿ ನೋಡಿದಾಗ ಸಂತೋಷವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವಾಯಿತು.

"ಏನೇ ಇದು?" ಎಂದು ನನ್ನತ್ತ ತಿರುಗಿದ.

"ಕಟ್ಟಳೆ ನಿಮ್ಮದೇ ಅಲ್ವಾ, ದೊಡ್ಡಪ್ಪ. ಅವರು ನಿಂತ ಬಾಗಿಲು ದೇವರು ತೋರಿಸಿದ ಬಾಗಿಲು."

ಜನ ಕಾಯುತ್ತಿದ್ದರು. ಮುಚ್ಚುಗಣ್ಣಿನವರಲ್ಲಿ ಒಬ್ಬ ಪಂಜು ಹೊತ್ತಿಸಿದ. ಹಿರಿಯ ಎರಡೂ ಕೈ ಮೇಲೆತ್ತಿದ.

"ಕೇಳ್ರಪ್ಪ, ಕೇಳ್ರಿ! ಅತಿಥಿಗಳು ನಿಂತ್ರೆ ಏನಂತೆ? ಅವರೂ ಮನುಷ್ಯರೇ, ಎಲ್ಲೋ ಒಂದು ಕಡೆ ನಿಲ್ತಾರೆ. ಅವರು ನಿಂತ ಮಾತ್ರಕ್ಕೆ ಮನೆ ಸುಡೋಕಾಗುತ್ತಾ? ಒಳಗೆ ಮಕ್ಕಳಿದಾರೆ!"

ಆಮೇಲೆ ಅವನ ಕಡೆಯವರಲ್ಲೇ ಒಬ್ಬ ಮುಂದೆ ಬಂದ. ಕಂಚುಗಾರ. ಮುಚ್ಚುಗಣ್ಣಿನವರ ಮನೆಗೆ ಅಳಿಯನಾಗಿ ಹೋಗಿದ್ದ ತನ್ನ ಸ್ವಂತ ತಮ್ಮನ ಬಾಗಿಲಿಗೆ ಹೋದ ವರ್ಷ ಅವನೇ ಬೆಂಕಿ ಇಟ್ಟಿದ್ದ. ಅತಿಥಿಗಳು ನಿಂತಿದ್ದರು ಎಂದು.

"ಹಂಗಾದ್ರೆ ನನ್ ತಮ್ಮ?" ಎಂದ.

ಹಿರಿಯ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ.

"ಅಯ್ಯಾ, ನಿಮ್ಮನ್ನೇ ಕೇಳ್ತಿರೋದು. ಹಂಗಾದ್ರೆ ನನ್ ತಮ್ಮ? ಅವನ ಮನೇಲೂ ಮಕ್ಕಳಿದ್ವಲ್ಲ?"

ಹಿರಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸೊಸೆಯನ್ನೂ ಮೊಮ್ಮಕ್ಕಳನ್ನೂ ಹೊರಗೇ ಬಿಟ್ಟು ಹಾಕಿಕೊಂಡ. ಊರೆಲ್ಲ ಅದನ್ನು ನೋಡಿತು. ಕಂಚುಗಾರ ತನ್ನ ಪಂಜನ್ನು ದನದ ನೀರಿನ ಬಾನಿಯಲ್ಲಿ ಅದ್ದಿ, ಅಲ್ಲೇ ನೆಲದ ಮೇಲೆ ಕುಸಿದು, ಎದೆ ಬಡಿದುಕೊಂಡು ಅತ್ತ. ಒಬ್ಬೊಬ್ಬರಾಗಿ ಉಳಿದವರೂ ಚದುರಿದರು. ಆ ದಿನ ನಮ್ಮೂರಿನಲ್ಲಿ ಯಾರೂ ಸಾಯಲಿಲ್ಲ.

ಅತಿಥಿಗಳು ಮಾತ್ರ ನಿಂತೇ ಇದ್ದರು. ಮುಖಗಳು ಸುಣ್ಣ ಬಳಿದಂತಾಗಿದ್ದವು. ಮುಂದಾಳು ನನ್ನ ಹತ್ತಿರ ಬಂದಳು.

"ಇದು ನಮ್ಮ ಪುಸ್ತಕದಲ್ಲಿಲ್ಲ. ಇನ್ನು ಮುಂದೆ ಏನಾಗುತ್ತದೆ?"

"ನನಗೇನು ಗೊತ್ತು?"

"ಶಾಂತಿ ಬರುತ್ತದೆಯೇ? ನಾವು... ನಾವು ಇರುತ್ತೇವೆಯೇ?"

"ನಾಳೆ ಬೆಳಗ್ಗೆ ಎದ್ದು ನೋಡಿ. ನಾವೆಲ್ಲ ಹಾಗೇ ನೋಡೋದು."

ಅವಳು ಪಡುವಣ ಬಾಗಿಲಿನ ಕಡೆ ಓಡಿದಳು. ಎಲ್ಲರೂ ಓಡಿದರು, ಒಬ್ಬರನ್ನೊಬ್ಬರು ನೂಕುತ್ತಾ, ಸದ್ದಿಲ್ಲದ ಆ ಚಪ್ಪಲಿಗಳಲ್ಲಿ. ಆಮೇಲೆ ಅವರು ಬರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಕೊಲೆಗಳು ನಿಲ್ಲಲಿಲ್ಲ. ಬಾಗಿಲು ತೋರಿಸುವವರು ಇಲ್ಲದ ಮೇಲೆ ಯಾರನ್ನು ಕೊಲ್ಲಬೇಕೆಂದು ಕೊಲ್ಲುವವರೇ ಆರಿಸಬೇಕಾಯಿತು. ಆರಿಸಲಾರದೆ ಕೆಲವರು ಮನೆಯಲ್ಲಿ ಉಳಿದರು. ಉಳಿದವರು ಆರಿಸಿದರು. ಹೀಗೆ ಒಂಬತ್ತು ವರ್ಷ. ಅತಿಥಿಗಳ ಮಾತು ಹೇಗೋ ಊರಿಗೆ ತಿಳಿಯಿತು, ಅವತ್ತು ಆ ಹುಡುಗಿ ಸತ್ತಿದ್ದರೆ ಮಾರನೇ ದಿನವೇ ಶಾಂತಿ ಬರುತ್ತಿತ್ತಂತೆ ಎಂದು. ಎರಡೂ ಪಂಗಡದವರು ಎರಡನೇ ಬಾರಿ ಒಂದು ವಿಷಯದಲ್ಲಿ ಒಪ್ಪಿದರು: ತಪ್ಪು ನನ್ನದು. ಬಾವಿಕಟ್ಟೆಯಲ್ಲಿ ನನ್ನ ಕೊಡದ ಪಕ್ಕ ಯಾರೂ ಕೊಡ ಇಡುತ್ತಿರಲಿಲ್ಲ. ನನ್ನ ಮಗಳು ದೊಡ್ಡವಳಾದಳು, ನನ್ನ ಜೊತೆ ಕುಂಚ ಹಿಡಿದಳು. ಅವಳು ಬೀದಿಯಲ್ಲಿ ಹೋದರೆ, "ಇವಳಿಂದ" ಎಂದು ಜನ ಪಿಸುಗುಟ್ಟುತ್ತಿದ್ದರು.

ಒಂಬತ್ತನೇ ವರ್ಷ ಒಂದು ಬೆಳಗ್ಗೆ ಒಬ್ಬಳು ನನ್ನ ಮನೆಗೆ ಬಂದಳು. ಎಣ್ಣೆ ಗಾಣದವಳು. ಅವಳ ಹದಿನೇಳು ವರ್ಷದ ಮಗನನ್ನು ಹಿಂದಿನ ವಾರ ಕೊಂದಿದ್ದರು. ಅಂಗಳದಲ್ಲಿ ನಿಂತು, "ನಿನ್ ಮಗಳು ಅವತ್ತು ಹೋಗಿದ್ರೆ ನನ್ ಮಗ ಇವತ್ತು ಇರ್ತಿದ್ದ" ಎಂದಳು. ಕೂಗಲಿಲ್ಲ. ಅವಳಲ್ಲಿ ಕೂಗುವ ಶಕ್ತಿ ಉಳಿದಿರಲಿಲ್ಲ.

ನಾನು ಅವಳಿಗೆ ಬೈಯಬಹುದಿತ್ತು. ಕ್ಷಮೆ ಕೇಳಬಹುದಿತ್ತು ಎಂದು ಕೆಲವರು ಹೇಳುತ್ತಾರೆ. ಅದನ್ನು ನಾನು ಸತ್ತರೂ ಕೇಳುತ್ತಿರಲಿಲ್ಲ. ಆದರೆ ಅವಳ ಮೇಲೆ ಸಿಟ್ಟು ಬರಲಿಲ್ಲ.

"ಅವನನ್ನ ಹೊಡೆದೋನು ಯಾರು ಅಂತ ಗೊತ್ತಾ ನಿನಗೆ?" ಎಂದೆ.

"ಗೊತ್ತು."

"ಅವನ ಮನೆ?"

"ಗೊತ್ತು. ಮೂರು ಬೀದಿ ಆಚೆ."

"ಅಲ್ಲಿಗೆ ಹೋಗಿದ್ಯಾ?"

ಅವಳು ನನ್ನನ್ನೇ ನೋಡಿದಳು. ನಾನು ಹೇಳಿದ್ದು ಯಾವುದೋ ಪರದೇಶದ ಮಾತು ಅನ್ನುವಂತೆ. ಇಷ್ಟು ವರ್ಷದಲ್ಲಿ ಇಡೀ ಊರಿನಲ್ಲಿ ಯಾರೂ ಕೊಂದವನ ಬಾಗಿಲಿಗೆ ಹೋಗಿರಲಿಲ್ಲ. ಸಾಯಬೇಕಾದವಳ ಮನೆಗೆ ಬಂದರು, ಉಳಿದವಳ ಮನೆಗೆ ಬಂದರು.

"ನಡಿ," ಎಂದೆ. "ನಾನೂ ಬರ್ತೀನಿ."

ಸುಣ್ಣದ ಕೈ ತೊಳೆದುಕೊಂಡು ಅವಳ ಜೊತೆ ಹೊರಟೆ. ನಾವಿಬ್ಬರೇ. ಬಾಗಿಲು ತಟ್ಟಿದೆವು. ಅವನು ಊಟದ ನಡುವೆ ಎದ್ದು ಬಂದ, ಎಂಜಲು ಕೈ. ಇಪ್ಪತ್ತೆರಡು ವರ್ಷವಿರಬಹುದು. ಇಬ್ಬರು ಹೆಂಗಸರನ್ನು ನೋಡಿ, ಏನು ಬೇಕೆಂದು ಮರ್ಯಾದೆಯಿಂದಲೇ ಕೇಳಿದ.

ಗಾಣದವಳು ತನ್ನ ಮಗನ ಹೆಸರು ಹೇಳಿದಳು. ಅವನಿಗೆ ಯಾರೆಂದು ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಅವನು ಬಾಗಿಲು ಹಾಕಲು ಹೋದ. ನಾನು ಹೊಸ್ತಿಲಲ್ಲಿ ಕಾಲಿಟ್ಟೆ. ಅವಳು ಮತ್ತೆ ಹೇಳಿದಳು. ಒಳಗಿಂದ ಅವನ ತಾಯಿ ಎದ್ದು ಬಂದು, "ಯಾರಪ್ಪ ಅದು? ಯಾರ ಹೆಸರು ಹೇಳ್ತಿದಾರೆ?" ಎಂದು ಅವನನ್ನು ಕೇಳಿದಳು.